ಪರಿವಿಡಿ: ಸಂಗೀತ ಪತ್ರಿಕೆಯ ಮೊದಲ ಬಾಗಿಲು

ಕೇಳುಗರಿಗೆ ನಮಸ್ಕಾರ. ಸಂಗೀತ ಪತ್ರಿಕೆ ಕೊಂಡವರು ಪರಿವಿಡಿ ತೆರೆಯುವುದು ಎರಡು ಕಾರಣಕ್ಕೆ. ಮುಖಪುಟದಲ್ಲಿ ಕಂಡ ಗಾಯಕಿಯ ಸಂದರ್ಶನ ಎಲ್ಲಿದೆ? ಪ್ರತಿ ಸಲ ಓದುವ ಆಲ್ಬಂ ವಿಮರ್ಶೆ ಈ ಸಲ ಎಷ್ಟನೇ ಪುಟ? ಎರಡಕ್ಕೂ ಕಣ್ಣು ಹಾಯಿಸಿದೊಡನೆ ಉತ್ತರ ಸಿಗಬೇಕು.

ಬ್ರಿಟನ್ನಿನಲ್ಲಿ 1986ರಿಂದ 2020ರವರೆಗೆ ಬಂದ ‘ಕ್ಯೂ’ ಮಾಸಿಕವನ್ನೇ ನೋಡಿ. ಮುಖಪುಟದ ಕೆಂಪು ಚೌಕ, ಅದರೊಳಗಿನ ಬಿಳಿ ಅಕ್ಷರ ಪರಿವಿಡಿಯ ಮೂಲೆಯಲ್ಲೂ ಚಿಕ್ಕದಾಗಿ ಕೂರುತ್ತಿತ್ತು. ವಿಶೇಷ ಲೇಖನಗಳ ಪಟ್ಟಿ ಬೇರೆ, ತಿಂಗಳ ಅಂಕಣಗಳದು ಬೇರೆ. 1952ರಲ್ಲಿ ಶುರುವಾದ ‘ಎನ್‌ಎಂಇ’ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ವಾರಪತ್ರಿಕೆಯಲ್ಲಿ ಚಿಕ್ಕ ಚಿಕ್ಕ ಸುದ್ದಿಗಳೇ ಹೆಚ್ಚಿರುತ್ತಿದ್ದವು. ಹಾಗಾಗಿ ಅದು ಬ್ಯಾಂಡುಗಳ ಹೆಸರನ್ನೇ ಅಕಾರಾದಿಯಾಗಿ ಜೋಡಿಸಿ, ಪಕ್ಕದಲ್ಲಿ ಪುಟಸಂಖ್ಯೆ ಕೊಡುತ್ತಿತ್ತು. ಅಭಿಮಾನಿ ಹುಡುಕುವುದು ಲೇಖನದ ತಲೆಬರಹವನ್ನಲ್ಲ, ತನ್ನ ಬ್ಯಾಂಡನ್ನು!

ಈಗ ಪುಟ ಕಟ್ಟೋಣ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಬೈಂಡಿಂಗ್ ಕಡೆ 20, ಹೊರಗಡೆ 12 ಬಿಡಿ. ಮೂರು ಕಾಲಂ, ನಡುವೆ ಐದೈದರ ಸಂದು. ಒಂದೊಂದು ಕಾಲಂಗೂ ಸರಿಯಾಗಿ 56 ಉಳಿಯುತ್ತದೆ. ಎರಡು ಕಾಲಂ ದೊಡ್ಡ ಚಿತ್ರಕ್ಕೆ, ಒಂದು ಪಟ್ಟಿಗೆ. ಚಂದಾ ಬಾಕ್ಸ್ ಅಡಿಯಲ್ಲಿರಲಿ. ದೊಡ್ಡ ಚಿತ್ರ ಮುಖಪುಟದ ವ್ಯಕ್ತಿಯದೇ ಆಗಬೇಕು, ಆದರೆ ಅದೇ ಫೋಟೋ ಬೇಡ. ಅದೇ ದಿನ ತೆಗೆದ ಇನ್ನೊಂದು ಭಂಗಿ ಹಾಕಿ.

ಪುಟಸಂಖ್ಯೆಯನ್ನು ತಲೆಬರಹದ ಎಡಕ್ಕೆ ಅಂಟಿದಂತೆ ಇಡಿ. ಪುಸ್ತಕದ ಹಾಗೆ ಚುಕ್ಕಿಗಳ ಸಾಲು ಎಳೆದರೆ ಕಣ್ಣು ದಾರಿ ತಪ್ಪುತ್ತದೆ. ಸಂಖ್ಯೆ 14 ಪಾಯಿಂಟ್ (ಅಕ್ಷರದ ಗಾತ್ರದ ಅಳತೆ) ದಪ್ಪಕ್ಷರ, ತಲೆಬರಹ 11, ವಿವರ 9. ಸಂಖ್ಯೆಗಳನ್ನು ಬಲಕ್ಕೆ ಸರಿಹೊಂದಿಸಿ. 8ರ ಕೆಳಗೆ 112 ಬಂದರೂ ಬಿಡಿಸ್ಥಾನದ ಅಂಕಿಗಳು ಒಂದೇ ನೇರಕ್ಕೆ ಬರುತ್ತವೆ. ದೊಡ್ಡ ಚಿತ್ರದ ಮೇಲೆ ಕೂರಿಸುವ ಪುಟಸಂಖ್ಯೆ 30 ಪಾಯಿಂಟ್ ಇರಲಿ, ಮುಖದ ಮೇಲೆ ಬೀಳದಿರಲಿ. ಹಿನ್ನೆಲೆಯಲ್ಲಿ ಅದು ಎದ್ದು ಕಾಣದಿದ್ದರೆ ಒಂದೇ ಬಣ್ಣದ ಪಟ್ಟೆಯ ಮೇಲೆ ಕೂರಿಸಿ.

ಕನ್ನಡದಲ್ಲಿ ಇಂಗ್ಲಿಷ್ ಪುಟದ ಅಳತೆ ನಡೆಯುವುದಿಲ್ಲ. ಅಲ್ಲಿ 9 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 11 ಪಾಯಿಂಟ್ ಸಾಕು. ಇಲ್ಲಿ ‘ಶಾಸ್ತ್ರೀಯ’ ಅಂತ ಬರೆದರೆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತವೆ. 13, 14 ಬೇಕೇ ಬೇಕು. ಜಾಗ ಸಾಲದಿದ್ದರೆ ವಿವರದ ಮಾತು ಕಡಿಮೆ ಮಾಡಿ, ಸಾಲು ಒತ್ತಬೇಡಿ.

ಎಡವಟ್ಟಾಗುವುದು ಹೆಚ್ಚಾಗಿ ಕೊನೆಯ ಗಳಿಗೆಯಲ್ಲಿ. 24ನೇ ಪುಟಕ್ಕೆ ಜಾಹೀರಾತು ಬಂತು ಅನ್ನಿ, ಅಲ್ಲಿಂದ ಮುಂದಿನ ಲೇಖನಗಳೆಲ್ಲ ಒಂದೊಂದು ಪುಟ ಸರಿಯುತ್ತವೆ. ಅದಕ್ಕೇ ಪುಟಗಳು ಅಂತಿಮವಾಗುವವರೆಗೆ ಪರಿವಿಡಿಯಲ್ಲಿ ಕೆಂಪು ಸೊನ್ನೆಗಳೇ ಇರಲಿ. ಆಮೇಲೆ ಒಬ್ಬರು ಸಂಖ್ಯೆ ಓದಬೇಕು, ಇನ್ನೊಬ್ಬರು ಆ ಪುಟ ತೆರೆದು ತಲೆಬರಹ ಓದಿ ಹೇಳಬೇಕು. ಚಿತ್ರದ ಮೇಲಿನ ಅಂಕಿಯನ್ನೂ ಓದಿ. ಅದು ಬೇರೆ ಚೌಕಟ್ಟಿನಲ್ಲಿ ಇರುವುದರಿಂದ, ಪಟ್ಟಿ ತಿದ್ದಿದ ಮೇಲೂ ಹಳೆಯದೇ ಉಳಿದುಬಿಡುತ್ತದೆ.