ಅಡ್ಡ ಬಂದಿದ್ದಕ್ಕೆ ಉಳಿದ ಮದ್ದಿನ ಮನೆ

ನಮಸ್ಕಾರ. ಶ್ರೀರಂಗಪಟ್ಟಣ ಅಂದರೆ ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ, ಆಮೇಲೆ ಊಟ. ನಮ್ಮ ಮೈಸೂರಿನವರ ಭಾನುವಾರ ಇಷ್ಟಕ್ಕೆ ಮುಗಿಯುತ್ತದೆ. ಇವತ್ತು ನಾನು ಹೇಳುವ ಕಟ್ಟಡ ಈ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಗೋಪುರ ಇಲ್ಲ, ಬಣ್ಣದ ಚಿತ್ರ ಇಲ್ಲ. ಎದುರು ನಿಂತು ಸೆಲ್ಫಿ ತೆಗೆದರೆ ಯಾವುದೋ ಹಳೇ ಗೋಡೌನ್ ಅಂದುಕೊಳ್ಳುತ್ತಾರೆ.

ಹೋದ ಸಲ ಹುಡುಕಿಕೊಂಡು ಹೋದಾಗ, ಟಿಪ್ಪುವಿನ ಶಸ್ತ್ರಾಗಾರ ಎಲ್ಲಿ ಅಂತ ಎಳನೀರು ಮಾರುವವರೊಬ್ಬರನ್ನು ಕೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಮದ್ದಿನ ಮನೆ ಅಂದೆ. 'ಓ, ನಡ್ಕಂಡು ಬಂದ ಮನೆಯಾ ಸಾ? ಸ್ಟೇಷನ್ ತಾವ್ಲೇ ಐತೆ ಹೋಗಿ' ಅಂದರು.

ನಡೆದು ಬಂದಿದ್ದು ಹೌದು. 2017ರಲ್ಲಿ.

ಮೊದಲು ಮದ್ದಿನ ಮನೆ ಅಂದರೇನು ಅಂತ ನೋಡೋಣ. ಕನ್ನಡದಲ್ಲಿ ಕಾಯಿಲೆಗೂ ಮದ್ದು, ಬಂದೂಕಿಗೂ ಮದ್ದು. ಬಂದೂಕಿನ ಮದ್ದಿಗೆ ಬೇಕಾಗಿದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇದಕ್ಕೆ ಇಬ್ಬರು ಶತ್ರುಗಳು: ಕಿಡಿ ಮತ್ತು ತೇವ. ಕಿಡಿ ಬಿದ್ದರೆ ಊರೇ ಹಾರಿಹೋಗುತ್ತದೆ, ತೇವ ಹಿಡಿದರೆ ಯುದ್ಧದ ದಿನ ಕೈ ಕೊಡುತ್ತದೆ. ಪಟ್ಟಣವೋ ಕಾವೇರಿ ನಡುವಿನ ದ್ವೀಪ, ಮಳೆಗಾಲದಲ್ಲಿ ಕೇಳಬೇಕೇ! ಅದಕ್ಕೇ ದಪ್ಪ ಗೋಡೆ, ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಇಂಥ ಮನೆಯನ್ನು ನೆಲಕ್ಕೆ ಇಳಿಸಿ ಕಟ್ಟಿದರೆ ಹೊರಗಿನ ಗುಂಡು ನೇರ ತಾಗುವುದಿಲ್ಲ, ಒಳಗೆ ತಂಪಾಗಿಯೂ ಇರುತ್ತದೆ. ಎಲ್ಲವನ್ನೂ ಒಂದೇ ಕಡೆ ಪೇರಿಸದೆ, ಕೋಟೆಯೊಳಗೆ ದೂರ ದೂರ ಕೆಲವು ಮನೆ ಕಟ್ಟಿದ್ದರು. ಒಂದು ಹೋದರೆ ಇನ್ನೊಂದು ಇರಲಿ ಅಂತ.

ಅದು ಸುಮ್ನೆ ಭಯ ಅಲ್ಲ. 1780ರಲ್ಲಿ ಹೈದರ್, ಟಿಪ್ಪು ಎದುರು ನಡೆದ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಮದ್ದಿನ ಗಾಡಿಗಳು ಸ್ಫೋಟಗೊಂಡಿದ್ದೇ ಅವರ ಸೋಲಿಗೆ ಒಂದು ಮುಖ್ಯ ಕಾರಣ. 1799ರಲ್ಲಿ ಸರದಿ ನಮ್ಮದಾಯಿತು. ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗೆ ರಾಕೆಟ್ ಇಟ್ಟಿದ್ದ ಉಗ್ರಾಣಕ್ಕೆ ಬಡಿದು ಅದು ಹಾರಿಹೋಯಿತು. ಎರಡೇ ದಿನ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪುವೂ ಹೋದ.

ಇಷ್ಟೆಲ್ಲ ಕಂಡರೂ ನಿಂತಿದ್ದ ಒಂದು ಮದ್ದಿನ ಮನೆಗೆ ಇನ್ನೂರು ವರ್ಷದ ಮೇಲೆ ಎದುರಾಗಿದ್ದು ರೈಲು. ಬೆಂಗಳೂರು–ಮೈಸೂರು ಹಳಿ ಕೋಟೆಯೊಳಗೇ ಹಾದು ಹೋಗುತ್ತದೆ. ಜೋಡಿ ಹಳಿ ಹಾಕಲು ಹೊರಟಾಗ ಎರಡನೇ ಹಳಿಯ ದಾರಿಯಲ್ಲಿ ಸರಿಯಾಗಿ ಈ ಮನೆ ಕೂತಿತ್ತು. ಒಡೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕೊನೆಗೆ ಎತ್ತಿಯೇ ಬಿಟ್ಟರು. ಅಮೆರಿಕದಿಂದ ಕಟ್ಟಡ ಸಾಗಿಸುವವರು ಬಂದರು. ಸುಮಾರು 1,000 ಟನ್ ಭಾರ! ಬುಡವನ್ನು ಅಗೆದು, ಉಕ್ಕಿನ ತೊಲೆ ತೂರಿಸಿ, ಹೈಡ್ರಾಲಿಕ್ ಜಾಕ್ ಇಟ್ಟು ಮೇಲೆತ್ತಿದರು. ಇಟ್ಟಿಗೆ ಕಟ್ಟಡ ಭಾರ ಹೊರುತ್ತದೆ, ಆದರೆ ಜಗ್ಗಿದರೆ ತಡೆಯುವುದಿಲ್ಲ. ಒಂದು ಮೂಲೆ ಸ್ವಲ್ಪ ಮುಂಚೆ ಎದ್ದರೂ ಗೋಡೆ ಬಿರಿಯುತ್ತದೆ. ಹಾಗಾಗಿ ಎಲ್ಲ ಜಾಕ್‌ಗಳೂ ಒಂದೇ ಸಮ ಏಳಬೇಕು. ಎದ್ದವು. ಅಲ್ಲಿಂದ ನೂರು ಮೀಟರಿನಷ್ಟು ಆಚೆ, ಹೊಸ ಪಾಯದ ಮೇಲೆ ಕೂರಿಸಿದರು.

ಕೆಲಸ ಮಾಡಿದವರಿಗೆ ದೊಡ್ಡ ನಮಸ್ಕಾರ. ನನ್ನ ತಕರಾರು ಬೇರೆ.

ಈ ಮನೆ ಉಳಿದಿದ್ದು ಯಾಕೆ? ಅಡ್ಡ ಬಂತು ಅಂತ. ಅಡ್ಡ ಬರದಿದ್ದರೆ ಕೋಟಿಗಟ್ಟಲೆ ದುಡ್ಡು ಬರುತ್ತಿತ್ತಾ, ಟೀವಿಯವರು ಬರುತ್ತಿದ್ದರಾ? ಪಟ್ಟಣದಲ್ಲಿ ಇಂಥವೇ ಇನ್ನೂ ಇವೆ. ಅವು ಯಾರ ದಾರಿಗೂ ಅಡ್ಡ ಬಂದಿಲ್ಲ, ಪಾಪ. ನಾನು ನೋಡಿದ ಒಂದರ ಮೇಲೆ ಗಿಡ ಬೇರು ಬಿಟ್ಟಿದೆ, ಒಳಗೆ ಖಾಲಿ ಬಾಟಲಿ. ಬೇರು ಇಟ್ಟಿಗೆಯನ್ನು ಸೀಳುತ್ತದೆ, ಅಲ್ವಾ? ಅದನ್ನು ಕೀಳಲು ಅಮೆರಿಕದವರು ಬೇಕಿಲ್ಲ. ಒಂದು ಕುಡುಗೋಲು, ಸ್ವಲ್ಪ ಸುಣ್ಣದ ಗಾರೆ, ವರ್ಷಕ್ಕೊಮ್ಮೆ ನಾಲ್ಕು ಆಳು ಸಾಕು.

ಇನ್ನೊಂದು ಮಾತು. ಮದ್ದಿನ ಮನೆಗೆ ಅದರ ಜಾಗವೇ ಅರ್ಧ ಅರ್ಥ. ಗೋಡೆಗೆ ಎಷ್ಟು ದೂರ, ಅರಮನೆಗೆ ಎಷ್ಟು ದೂರ, ಇನ್ನೊಂದು ಮದ್ದಿನ ಮನೆಗೆ ಎಷ್ಟು ದೂರ ಅಂತ ಲೆಕ್ಕ ಹಾಕಿ ಕೂರಿಸಿದ್ದು. ಈಗ ಮನೆ ಇದೆ, ಆ ಲೆಕ್ಕ ತಪ್ಪಿದೆ. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅದು ಮೊದಲು ಕೂತಿದ್ದ ಕಡೆ, ಹಳಿಯ ಪಕ್ಕ, ಒಂದು ಕಲ್ಲು ನೆಟ್ಟು 'ಇಲ್ಲಿತ್ತು' ಅಂತ ಕನ್ನಡದಲ್ಲಿ ಬರೆಯಲಿ. ಕಿಟಕಿ ಪಕ್ಕ ಕೂತವರಿಗೆ ಓದುವಷ್ಟು ದಪ್ಪ ಅಕ್ಷರದಲ್ಲಿ. ಪ್ಯಾಸೆಂಜರ್ ಗಾಡಿ ಹೇಗೂ ಅಲ್ಲಿ ನಿಧಾನ ಮಾಡುತ್ತದೆ.