ಜತ್ತದಿಂದ ಮಿರಜಕ್ಕೆ: ಈಗ ಏನ್ ಕೇಳಾಕತ್ತೀರಿ?

ನಮಸ್ಕಾರ. ನೀವೀಗ ನೋಡುತ್ತಿರುವುದು ಜತ್ತದ ಬಸ್ ನಿಲ್ದಾಣ. ಸಾಂಗಲಿ ಜಿಲ್ಲೆ, ಮಹಾರಾಷ್ಟ್ರ. ಬೋರ್ಡು ಮರಾಠಿಯಲ್ಲಿದೆ. ಆದರೆ ಕಟ್ಟೆಯ ಮೇಲೆ ಕೂತವರ ಮಾತು ಕೇಳಿ. ಉಮದಿ, ಸಂಖ, ಮಾಡಗ್ಯಾಳ ಕಡೆಯವರು. ಎಲ್ಲ ಕನ್ನಡ. ನಾನು ಮಿರಜಕ್ಕೆ ಹೊರಟಿದ್ದೇನೆ. ದಾರಿಯುದ್ದಕ್ಕೂ ಸಂಗೀತ ಕೇಳುವುದೇ ಕೆಲಸ.

ನಾವು ಕೆಲವು ಗೆಳೆಯರಿದ್ದೇವೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರ, ಹೀಗೆ ಗಡಿಯ ಗುಂಟ ಚದುರಿದವರು. ಫೋನ್ ಎತ್ತಿದರೆ ಮೊದಲ ಮಾತೇ, "ಈಗ ಏನ್ ಕೇಳಾಕತ್ತಿ?" ಒಂದು ಹಾಡಿನ ಹೆಸರು ಹೇಳಿ ಮುಗಿಸಿದರೆ ನಡೆಯುವುದಿಲ್ಲ. ಆಲ್ಬಂ ಹೇಳಬೇಕು. ಮೊದಲ ಟ್ರ್ಯಾಕಿನಿಂದ ಕೊನೆಯವರೆಗೆ ಅದೇ ಸಾಲಿನಲ್ಲಿ ಕೇಳಿರಬೇಕು. ಇದು ಸುಮ್ನೆ ಮಾಡಿಕೊಂಡ ಕಟ್ಟಳೆ ಅಲ್ಲ. ಈ ವಾರ ನನ್ನ ಹೆಡ್‌ಫೋನಿನಲ್ಲಿ ಇರುವುದನ್ನೇ ಕೇಳಿ, ಗೊತ್ತಾಗುತ್ತದೆ.

'ಕಾಲ್ ಆಫ್ ದಿ ವ್ಯಾಲಿ', 1967. ಸಂತೂರ್ ಶಿವಕುಮಾರ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜಭೂಷಣ ಕಾಬ್ರಾ, ತಬಲಾ ಮಾಣಿಕರಾವ್ ಪೋಪಟಕರ್. ಕಾಶ್ಮೀರದ ಕಣಿವೆಯಲ್ಲಿ ಒಬ್ಬ ಕುರಿಗಾಹಿಯ ಒಂದು ದಿನ, ಅಷ್ಟೇ ಕಥೆ. ಮಾತಿಲ್ಲ, ಹಾಡುಗಾರರಿಲ್ಲ. ಹೊತ್ತು ಏರುವುದನ್ನೂ ಇಳಿಯುವುದನ್ನೂ ರಾಗಗಳೇ ಹೇಳುತ್ತವೆ. ಬೆಳಗಿಗೆ ಅಹಿರ್ ಭೈರವ, ಆಮೇಲೆ ನಟ ಭೈರವ. ನಡುವೆ ಪೀಲೂ. ಸಂಜೆಗೆ ಭೂಪ. ರಾತ್ರಿಗೆ ದೇಸ್. ಕೊನೆಗೆ ಪಹಾಡಿ.

ಈಗ ಇದನ್ನು ಶಫಲ್‌ನಲ್ಲಿ, ಅಂದರೆ ಸಾಲು ಕಲಸಿ ಹಾಕಿ ನೋಡಿ. ದೇಸ್ ಮುಗಿದ ಮೇಲೆ ಪೀಲೂ ಬರುತ್ತದೆ, ಬೆಳಗು ಎಲ್ಲೋ ಕೊನೆಗೆ ಬರುತ್ತದೆ. ಪ್ರತಿ ಟ್ರ್ಯಾಕೂ ಚೆನ್ನಾಗಿಯೇ ಇರುತ್ತದೆ, ಕುರಿಗಾಹಿಯ ದಿನ ಮಾತ್ರ ಕಾಣೆಯಾಗುತ್ತದೆ. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡಿದ್ದಕ್ಕೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ತನ್ನ ಆಲ್ಬಂ ಪುಟಗಳಲ್ಲಿ ಶಫಲ್ ತಾನಾಗಿಯೇ ಮುಂದೆ ಬರುವುದನ್ನು ತೆಗೆಯಿತು. ನಾವು ಆಲ್ಬಂ ಕಟ್ಟುವಾಗ ಟ್ರ್ಯಾಕುಗಳ ಸಾಲನ್ನು ಯೋಚಿಸಿಯೇ ಇಟ್ಟಿರುತ್ತೇವೆ ಅನ್ನುವುದು ಆಕೆಯ ವಾದವಾಗಿತ್ತು. ನೂರಕ್ಕೆ ನೂರು ಸರಿ ಅಲ್ವಾ?

ಕಿಟಕಿಯ ಆಚೆ ನೋಡಿ, ಕುರಿಗಳು. ಬಿಳಿ ಮೈ, ಕಂದು ಮಚ್ಚೆ, ಉಬ್ಬಿದ ಮೂಗು. ಇದು ಮಾಡಗ್ಯಾಳ ತಳಿ, ನಮ್ಮ ತಾಲ್ಲೂಕಿನದೇ. ಇಲ್ಲಿ ಹಸಿರು ಕಣಿವೆ ಇಲ್ಲ, ಬಯಲು, ಕಲ್ಲು, ಜಾಲಿ. ಆದರೂ ಕುರಿ ಬಿಟ್ಟುಕೊಂಡು ಹೋಗುವವನ ದಿನ ಅದೇ ಹೊತ್ತಿಗೆ ಶುರುವಾಗುತ್ತದೆ, ಅದೇ ಹೊತ್ತಿಗೆ ಮುಗಿಯುತ್ತದೆ. ಈ ಆಲ್ಬಂ ಇಲ್ಲಿ ಕೇಳಿದರೂ ಹೊರಗಿನದು ಅನ್ನಿಸುವುದಿಲ್ಲ.

ಅಕ್ಕಲಕೋಟೆಯ ಗೆಳತಿ ರಘು ದೀಕ್ಷಿತರ ಮೊದಲ ಆಲ್ಬಂ ಮತ್ತೆ ಹಿಡಿದಿದ್ದಾಳೆ. 2008ರದ್ದು. ಹಿಂದಿ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ 'ಗುಡುಗುಡಿಯಾ ಸೇದಿ ನೋಡೋ' ಇದೆ. ಬೇರೆ ಬೇರೆ ಭಾಷೆ ಒಂದೇ ಆಲ್ಬಮ್ಮಿನಲ್ಲಿ ಇರುವುದು ಗಡಿಯವರಿಗೆ ಹೊಸದಲ್ಲ, ಅದಕ್ಕೇ ಅವಳಿಗೆ ಅಷ್ಟು ಇಷ್ಟ.

ಸೊಲ್ಲಾಪುರದ ಗೆಳೆಯ ಹೇಳಿದ್ದು ಮಾತ್ರ ನನ್ನನ್ನು ಬಹಳ ಹಿಡಿದು ನಿಲ್ಲಿಸಿತು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, 'ಕೈಂಡ್ ಆಫ್ ಬ್ಲೂ', 1959. ಎರಡೇ ದಿನದ ರೆಕಾರ್ಡಿಂಗು, ನ್ಯೂಯಾರ್ಕಿನಲ್ಲಿ, ಒಂದು ಮಾರ್ಚ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ. ಡೇವಿಸ್ ತನ್ನ ಜೊತೆಗಾರರಿಗೆ ಪೂರ್ತಿ ಬರೆದ ಸಂಗೀತ ಕೊಡಲಿಲ್ಲ. ಸ್ವರಗಳ ಸಾಲು ಕೊಟ್ಟು, ಇದರೊಳಗೆ ನುಡಿಸಿ ಅಂದ. ಜಾಝ್ ಅಂದರೆ ನನಗೆ ದೂರದ ಮಾತು ಅಂದುಕೊಳ್ಳುವವರು ಮೊದಲ ಟ್ರ್ಯಾಕ್ 'ಸೋ ವಾಟ್' ಕೇಳಿ. ಅದರ ಸ್ವರಗಳು ನಮ್ಮ ಕಾಫಿ ಥಾಟಿನವೇ. ಥಾಟು ಅಂದರೆ ರಾಗಗಳಿಗೆ ಆಧಾರವಾದ ಸ್ವರಗಳ ಗುಂಪು. ದಕ್ಷಿಣದವರು ಖರಹರಪ್ರಿಯ ಅನ್ನುತ್ತಾರೆ. ಕಾಫಿ ರಾಗದಲ್ಲಿ ಹೋಳಿ ಹಾಡು ಕೇಳಿದವರಿಗೆ ಇದು ಗುರುತಿನ ಬೀದಿ.

ಆದರೆ ಒಂದು ಜಾಗದಲ್ಲಿ ಬೆಚ್ಚುತ್ತೀರಿ. ಸ್ವಲ್ಪ ಹೊತ್ತಾದ ಮೇಲೆ ಷಡ್ಜವೇ, ಅಂದರೆ ಆಧಾರದ 'ಸ' ಸ್ವರವೇ, ಅರ್ಧ ಸ್ವರ ಮೇಲಕ್ಕೆ ಜರುಗುತ್ತದೆ. ಅಲ್ಲಿ ಎಂಟು ಬಾರ್ (ನಾಲ್ಕು ಮಾತ್ರೆಯ ಕಟ್ಟು) ಇದ್ದು ಮತ್ತೆ ಕೆಳಗಿಳಿಯುತ್ತದೆ. ನಮ್ಮ ಪದ್ಧತಿಯಲ್ಲಿ ಇದು ಆಗುವುದೇ ಇಲ್ಲ. ತಂಬೂರಿ ಶ್ರುತಿ ಮಾಡಿ ಕೂತಮೇಲೆ ಷಡ್ಜ ಕದಲುವುದಿಲ್ಲ. ಆ ಜಾಗ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ತಂಬೂರಿ ಅಂದೆ, ಮಿರಜ ಬಂತು.

ಇದು ಸಿತಾರ್ ಮೇಕರ್ ಗಲ್ಲಿ. ಒಳಗೆ ಬರುತ್ತಿದ್ದಂತೆ ಗೋಡೆಗೆ ಆನಿಸಿಟ್ಟ ದೊಡ್ಡ ದೊಡ್ಡ ಸೋರೆ ಬುರುಡೆಗಳು ಕಾಣುತ್ತವೆ. ಪಂಢರಪುರ, ಮಂಗಳವೇಢೆ ಕಡೆ ಹೊಲದಲ್ಲಿ ಬೆಳೆದ ಬುರುಡೆ ಇಲ್ಲಿಗೆ ಬಂದು ತಂಬೂರಿಯ ಹೊಟ್ಟೆಯಾಗುತ್ತದೆ. ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ ಮೇಲ್ಮೈಯನ್ನು ಅರದಿಂದ ನಾಜೂಕಾಗಿ ತೀಡುತ್ತಾರೆ. ತಂತಿ ಅದರ ಮೇಲೆ ತಾಗಿಯೂ ತಾಗದಂತೆ ಇರಬೇಕು. ಆ ಹದಕ್ಕೇ ಜವಾರಿ ಅನ್ನುತ್ತಾರೆ. ತಂತಿಯ ಕೆಳಗೆ ಒಂದು ಎಳೆ ದಾರ ಸೇರಿಸಿ ಸರಿಸುತ್ತಾರೆ. ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ನಾದ ತೆರೆದುಕೊಳ್ಳುತ್ತದೆ. ಈ ಕುಶಲಿಗಳ ಕಿವಿಗೆ ನನ್ನ ದೊಡ್ಡ ನಮಸ್ಕಾರ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿತು. ಸಿಗಲೇಬೇಕಿತ್ತು.

ಇಲ್ಲಿಂದ ಮೀರಾಸಾಹೇಬ್ ದರ್ಗಾಕ್ಕೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ಸಮಾಧಿ ಇಲ್ಲಿದೆ. ಹುಟ್ಟಿದ್ದು ದೂರದ ಕೈರಾನಾದಲ್ಲಿ, ನೆಲೆಸಿದ್ದು ಮಿರಜದಲ್ಲಿ. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಉರುಸಿನ ಹೊತ್ತಿಗೆ ಅವರ ನೆನಪಿನಲ್ಲಿ ಇಲ್ಲಿ ಈಗಲೂ ಹಾಡುತ್ತಾರೆ.

ಅವರ ಕಾಲದಲ್ಲಿ ಇಂಥ ಆಲ್ಬಮ್ಮೂ ಇಲ್ಲ, ಬಹಳ ಹೊತ್ತು ಓಡುವ ಎಲ್‌ಪಿಯೂ ಇಲ್ಲ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರೊಳಗೆ ರಾಗ ನಿಲ್ಲಬೇಕು. ಝಿಂಝೋಟಿ ರಾಗದ 'ಪಿಯಾ ಬಿನ್ ನಹೀ ಆವತ ಚೈನ್' ಹಾಕಿದ್ದೇನೆ. ಹಳೆಯ ರೆಕಾರ್ಡಿಂಗು, ಕರಕರ ಸದ್ದು ಜಾಸ್ತಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ಸದ್ದು ನಿಮಗೆ ಕೇಳಿಸುವುದೇ ಇಲ್ಲ. ಗದಗಿನ ಹುಡುಗ ಭೀಮಸೇನ ಜೋಶಿಗೆ ಹುಚ್ಚು ಹಿಡಿಸಿದ್ದು ಇದೇ ತಟ್ಟೆ. 11 ವರ್ಷಕ್ಕೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಸುತ್ತಿ ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು, ಅಂದರೆ ಖಾನರದೇ ಶಿಷ್ಯರನ್ನು.

ಖಾನರು ತ್ಯಾಗರಾಜರ ಕೃತಿಯನ್ನೂ ತಟ್ಟೆಗೆ ಹಾಡಿದ್ದಾರೆ. 'ರಾಮ ನೀ ಸಮಾನಮೆವರು'. ರಾಗ ಖರಹರಪ್ರಿಯ. ಡೇವಿಸ್‌ನನ್ನು ಕೇಳಿ ಬಂದ ಕಿವಿಗೆ ಇದನ್ನು ಕೇಳಿಸಿ ನೋಡಿ. ಅವೇ ಸ್ವರಗಳು, ಆದರೆ ಇಲ್ಲಿ ಷಡ್ಜ ಕದಲುವುದಿಲ್ಲ. ಈ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ಅಂತ ನಾನು ಸೊಲ್ಲಾಪುರಕ್ಕೆ ಮೆಸೇಜು ಕಳಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಆಮೇಲೆ ನೀವು ಈಗ ಕೇಳುತ್ತಿರುವ ಆಲ್ಬಂ ಯಾವುದು ಅಂತ ಬರೆಯಿರಿ. ಯಾವ ಭಾಷೆಯದಾದರೂ ಸರಿ. ಪೂರ್ತಿ ಕೇಳಿದ ಮೇಲೆ ಬರೆಯಿರಿ, ಯಾವ ಟ್ರ್ಯಾಕಿನ ಯಾವ ಜಾಗದಲ್ಲಿ ನಿಮ್ಮ ಕಿವಿ ನಿಂತಿತು ಅನ್ನುವುದನ್ನೂ ಸೇರಿಸಿ. ಮುಂದಿನ ಸಲ ಬಸ್ಸಿನಲ್ಲಿ ಅವನ್ನೇ ಕೇಳುತ್ತೇನೆ.