ಒಂದೇ ಆದಾಯ, ಎರಡು ದಾರಿ: ಶ್ರೀಲಂಕೆ ಮತ್ತು ವಿಯೆಟ್ನಾಂ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಂಗಡಿಗಳಲ್ಲಿ ಒಳ್ಳೆಮೆಣಸಿನ ಧಾರಣೆ ಇಳಿದಾಗೆಲ್ಲ ಎರಡು ದೇಶಗಳ ಹೆಸರು ಕೇಳಿಬರುತ್ತದೆ. ಒಂದು ವಿಯೆಟ್ನಾಂ, ಇನ್ನೊಂದು ಶ್ರೀಲಂಕೆ. ವಿಯೆಟ್ನಾಮಿನ ಮೆಣಸು ಶ್ರೀಲಂಕೆಯ ಹೆಸರು ಹೊತ್ತು ನಮ್ಮ ಮಾರುಕಟ್ಟೆಗೆ ಇಳಿಯುತ್ತದೆ ಎಂಬ ದೂರು ಬೆಳೆಗಾರರಲ್ಲಿ ಹಳೆಯದು. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಸುಂಕದ ರಿಯಾಯಿತಿ ಇದೆ. ಆ ದಾರಿಯಾಗಿ ಮಾಲು ಬರುತ್ತದೆ ಎಂಬುದು ದೂರಿನ ತಿರುಳು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದೂ ಇದರಿಂದಾಗಿಯೇ. ಹೆಸರು ಇಷ್ಟು ಪರಿಚಿತವಾಗಿದ್ದರೂ ಆ ಎರಡು ದೇಶಗಳಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ನಾವು ವಿಚಾರಿಸಿದ್ದು ಕಡಿಮೆ. ಈ ಹೊತ್ತು ಅದನ್ನೇ ಮಾತಾಡೋಣ ಎಂದುಕೊಂಡಿದ್ದೇನೆ.

ಮೊದಲು ಲೆಕ್ಕ ನೋಡೋಣ. 2024ರಲ್ಲಿ ಶ್ರೀಲಂಕೆಯ ತಲಾ ಆದಾಯ ವರ್ಷಕ್ಕೆ ಸುಮಾರು 4,500 ಡಾಲರ್, ವಿಯೆಟ್ನಾಮಿನದು ಸುಮಾರು 4,700. ವಿಶ್ವಸಂಸ್ಥೆಯವರು ಆಯಸ್ಸು, ಓದು, ಆದಾಯ ಮೂರನ್ನೂ ಕೂಡಿಸಿ ತಯಾರಿಸುವ ಮಾನವ ಅಭಿವೃದ್ಧಿಯ ಪಟ್ಟಿಯಲ್ಲಿ, 2025ರ ವರದಿಯಂತೆ, ಶ್ರೀಲಂಕೆ 89ನೇ ಸ್ಥಾನದಲ್ಲಿದೆ, ವಿಯೆಟ್ನಾಂ 93ರಲ್ಲಿ. ಭಾರತ ಇರುವುದು 130ರಲ್ಲಿ. ಹಾಗಾಗಿ ಈ ಎರಡು ದೇಶಗಳ ಬಗ್ಗೆ ಮಾತಾಡುವಾಗ ನಾವು ಮೇಲೆ ಕುಳಿತು ಕೆಳಗೆ ನೋಡುತ್ತಿಲ್ಲ ಎಂಬುದು ನೆನಪಿರಲಿ.

ಈಗ 1990ರ ಸುಮಾರಿಗೆ ಹಿಂದೆ ಹೋಗಿ. ಆಗ ವಿಯೆಟ್ನಾಮಿನ ತಲಾ ಆದಾಯ ನೂರು ಡಾಲರಿನ ಆಸುಪಾಸು. ಶ್ರೀಲಂಕೆಯದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಷ್ಟು ಹಿಂದಿದ್ದವರು ಈಗ ಒಂದು ಹೆಜ್ಜೆ ಮುಂದಿದ್ದಾರೆ. ಈ ಮೂವತ್ತೈದು ವರ್ಷಗಳಲ್ಲಿ ಏನಾಯಿತು ಎಂಬುದು ನಮ್ಮ ಕಾಸರಗೋಡಿನವರು ಗಮನವಿಟ್ಟು ನೋಡಬೇಕಾದ ಕಥೆ. ಯಾಕೆಂದು ಮುಂದೆ ಹೇಳುತ್ತೇನೆ.

ಭೂಗೋಳದ ಮಟ್ಟಿಗೆ ಶ್ರೀಲಂಕೆ ನಮಗೆ ಅಪರಿಚಿತವಲ್ಲ. ಸುಮಾರು 65,600 ಚದರ ಕಿಲೋಮೀಟರ್, ಅಂದರೆ ಕೇರಳದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಜನ ಸುಮಾರು 2.2 ಕೋಟಿ. ನಡುವೆ ಬೆಟ್ಟಗಳು, ನೈಋತ್ಯಕ್ಕೆ ನಮ್ಮಲ್ಲಿಯ ಹಾಗೆಯೇ ಮುಂಗಾರಿನ ಮಳೆ ಹೊಯ್ಯುವ ಹಸಿರು ನೆಲ, ಉತ್ತರಕ್ಕೂ ಪೂರ್ವಕ್ಕೂ ಕೆರೆಗಳನ್ನು ನಂಬಿದ ಒಣ ಬಯಲು. ತೆಂಗು, ಕಂಗು, ಮೆಣಸು, ರಬ್ಬರ್, ದಾಲ್ಚಿನ್ನಿ ಎಲ್ಲ ಉಂಟು. ಬೆಟ್ಟದ ಮೇಲೆ ಚಹಾ. ಮೊದಲು ಅಲ್ಲಿ ಇದ್ದದ್ದು ಕಾಫಿ. 1869ರಿಂದ ಎಲೆ ತುಕ್ಕು ರೋಗ ಬಂದು ಆ ತೋಟಗಳೆಲ್ಲ ನೆಲಕಚ್ಚಿದ ಮೇಲೆ ಚಹಾ ಬಂತು. ಆ ತೋಟಗಳಿಗೆ ಬ್ರಿಟಿಷರು ತಮಿಳುನಾಡಿನಿಂದ ಕೂಲಿಗಳನ್ನು ಕರೆದೊಯ್ದರು. 1948ರಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಅವರ ಪೌರತ್ವ ಹೋಯಿತು. ಎರಡು ದೇಶಗಳ ಪ್ರಧಾನಿಗಳು 1964ರಲ್ಲಿ ಮಾಡಿಕೊಂಡ ಸಿರಿಮಾ-ಶಾಸ್ತ್ರಿ ಒಪ್ಪಂದದ ಬಳಿಕ ಲಕ್ಷಗಟ್ಟಲೆ ಜನ ಭಾರತಕ್ಕೆ ಮರಳಿದರು. ಅವರಲ್ಲಿ ಕೆಲವರು ಬಂದು ನೆಲೆಸಿದ್ದು ನಮ್ಮ ಗಡಿಯಾಚೆ, ಸುಳ್ಯ-ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ. ಜಾಲ್ಸೂರಿನ ಕಡೆ ಹೋಗುವಾಗ ನಸುಕಿನಲ್ಲಿ ರಬ್ಬರ್ ಕಡಿಯುವ ಆ ಮನೆತನಗಳವರನ್ನು ನೀವು ನೋಡಿರಬಹುದು. ಶ್ರೀಲಂಕೆಯ ಚರಿತ್ರೆಯ ಒಂದು ತುಂಡು ಹೀಗೆ ನಮ್ಮ ಪಕ್ಕದಲ್ಲೇ ಬಾಳುತ್ತಿದೆ.

ವಿಯೆಟ್ನಾಂ ಅದರ ಐದು ಪಟ್ಟು ದೊಡ್ಡದು, ಸುಮಾರು 3.3 ಲಕ್ಷ ಚದರ ಕಿಲೋಮೀಟರ್. 2023ರಲ್ಲಿ ಜನಸಂಖ್ಯೆ ಹತ್ತು ಕೋಟಿ ದಾಟಿತು. ಸಮುದ್ರದಂಚಿಗೆ ಉದ್ದಕ್ಕೆ ಮಲಗಿದ ದೇಶ: ಉತ್ತರದಿಂದ ದಕ್ಷಿಣಕ್ಕೆ 1,600 ಕಿಲೋಮೀಟರಿಗೂ ಹೆಚ್ಚು, ನಡುವೆ ಒಂದು ಕಡೆ ಅಗಲ ಬರೀ 50 ಕಿಲೋಮೀಟರ್. ಉತ್ತರದಲ್ಲಿ ಕೆಂಪು ನದಿ, ದಕ್ಷಿಣದಲ್ಲಿ ಮೆಕಾಂಗ್, ಎರಡರ ಮುಖಜಭೂಮಿಯಲ್ಲೂ ಭತ್ತ. ಮಧ್ಯದ ಎತ್ತರದ ನಾಡಿನಲ್ಲಿ ಕಾಫಿ ಮತ್ತು ಮೆಣಸು.

ಇನ್ನು ಆ ಮೂವತ್ತೈದು ವರ್ಷಗಳ ಕಥೆ. ಶ್ರೀಲಂಕೆ ಶಾಲೆ, ಆಸ್ಪತ್ರೆಗಳನ್ನು ಮೊದಲು ಕಟ್ಟಿತು. 1931ರಲ್ಲೇ, ಇನ್ನೂ ಬ್ರಿಟಿಷರ ಕೆಳಗಿದ್ದಾಗಲೇ, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಮತದಾನದ ಹಕ್ಕು ಸಿಕ್ಕಿತು. 1940ರ ದಶಕದಲ್ಲಿ ಆಗಿನ ಶಿಕ್ಷಣ ಸಚಿವ ಕನ್ನಂಗರ ಅವರು ಉಚಿತ ಶಿಕ್ಷಣ ತಂದರು. ಅದು ವಿಶ್ವವಿದ್ಯಾಲಯದವರೆಗೂ ಉಚಿತ. ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣವಿಲ್ಲ. ಅಲ್ಲಿನ ಸರಾಸರಿ ಆಯಸ್ಸು ಈಗ 77ರ ಹತ್ತಿರ. ಶಿಶು ಮರಣ ಕೇರಳದ ಹಾಗೆಯೇ ಸಾವಿರಕ್ಕೆ ಒಂದಂಕಿಯಲ್ಲಿ ನಿಂತಿದೆ. ವಿಯೆಟ್ನಾಮಿನಲ್ಲಿ ಅದು ಇನ್ನೂ ಹತ್ತರ ಮೇಲೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕೆಯನ್ನು ಮಲೇರಿಯಾ ಮುಕ್ತ ಎಂದು ಸಾರಿತು. ಕಾಸರಗೋಡಿನಿಂದ ಮಂಗಳೂರಿಗೆ ಆಸ್ಪತ್ರೆಗೆಂದು ಓಡಾಡಿ ದಣಿದ ನಮಗೆ, ಹಳ್ಳಿಯ ಬಾಣಂತಿಯ ಮನೆ ಬಾಗಿಲಿಗೇ ಸರಕಾರಿ ಸೂಲಗಿತ್ತಿ ಬರುವ ಅಲ್ಲಿನ ಏರ್ಪಾಡು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆರ್ಥಿಕತೆಯ ಬಾಗಿಲನ್ನೂ ಶ್ರೀಲಂಕೆ ಬೇಗ ತೆರೆಯಿತು, 1977ರಲ್ಲಿ. ವಿಯೆಟ್ನಾಂ ತನ್ನ ‘ದೊಯಿ ಮೊಯಿ’ ಎಂಬ ಸುಧಾರಣೆಯನ್ನು ಕೈಗೆತ್ತಿಕೊಂಡದ್ದು 1986ರ ಡಿಸೆಂಬರಿನಲ್ಲಿ, ಒಂಬತ್ತು ವರ್ಷ ತಡವಾಗಿ. ಆದರೆ 1983ರಲ್ಲಿ ಶ್ರೀಲಂಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ಆರಿದ್ದು 2009ಕ್ಕೆ. ಬೇರೆ ಏಷ್ಯಾ ದೇಶಗಳು ಕಾರ್ಖಾನೆ ಕಟ್ಟುತ್ತಿದ್ದ ಕಾಲವೆಲ್ಲ ಅಲ್ಲಿ ಯುದ್ಧಕ್ಕೆ ಹೋಯಿತು. ತಮಿಳು ಸಮುದಾಯದ ಭಾಷೆಯನ್ನು ಸರಕಾರ 1956ರಲ್ಲಿ ಬದಿಗೊತ್ತಿದ್ದು ಆ ಬೆಂಕಿಯ ಮೂಲಗಳಲ್ಲಿ ಒಂದು. ಅದೇ 1956ರಲ್ಲಿ ರಾಜ್ಯದ ಗೆರೆ ಬದಲಾಗಿ ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ನಾವು ಈ ಮಾತನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತೇವೆ ಎಂದು ನನಗನಿಸುತ್ತದೆ.

ವಿಯೆಟ್ನಾಮಿನ ಯುದ್ಧ 1975ಕ್ಕೆ ಮುಗಿದಿತ್ತು. ಬಳಿಕದ ಹತ್ತು ವರ್ಷ ಸಾಮೂಹಿಕ ಬೇಸಾಯದಲ್ಲಿ ಅಕ್ಕಿಗೂ ತತ್ವಾರ. 1988ರಲ್ಲಿ ಜಮೀನಿನ ಸಾಗುವಳಿಯನ್ನು ಕುಟುಂಬಗಳ ಕೈಗೆ ಕೊಟ್ಟರು. ಮರುವರ್ಷವೇ ಅಕ್ಕಿ ರಫ್ತಾಯಿತು! ಆ ಮೇಲೆ 1995ರಲ್ಲಿ ಅಮೆರಿಕದೊಡನೆ ಸಂಬಂಧ, ಅದೇ ವರ್ಷ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟದ ಸದಸ್ಯತ್ವ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ. ಸ್ಯಾಮ್‌ಸಂಗ್ ಬಂದು ಬಾಕ್ ನಿನ್, ಥಾಯ್ ಗುಯೆನ್ ಪ್ರಾಂತ್ಯಗಳಲ್ಲಿ ಫೋನಿನ ಕಾರ್ಖಾನೆ ಹಾಕಿತು. 2024ರಲ್ಲಿ ವಿಯೆಟ್ನಾಂ ರಫ್ತು ಮಾಡಿದ ಸರಕಿನ ಮೌಲ್ಯ 40,000 ಕೋಟಿ ಡಾಲರ್ ದಾಟಿತು. ಶ್ರೀಲಂಕೆಯದು 1,300 ಕೋಟಿಯನ್ನೂ ಮುಟ್ಟಲಿಲ್ಲ. ಜನಸಂಖ್ಯೆಯಲ್ಲಿ ಐದು ಪಟ್ಟಿಗಿಂತ ಕಡಿಮೆ ವ್ಯತ್ಯಾಸ, ರಫ್ತಿನಲ್ಲಿ ಮೂವತ್ತು ಪಟ್ಟು.

ಗೇರುಬೀಜದ ವಿಷಯವನ್ನೇ ತೆಗೆದುಕೊಳ್ಳಿ, ಇದು ನಮ್ಮ ಗುಡ್ಡೆಯ ಬೆಳೆ. ತಿರುಳು ರಫ್ತಿನಲ್ಲಿ ವಿಯೆಟ್ನಾಂ 2006ರ ಹೊತ್ತಿಗೆ ಭಾರತವನ್ನು ಹಿಂದೆ ಹಾಕಿತು. ತನ್ನ ನೆಲದಲ್ಲಿ ಬೆಳೆದದ್ದು ಸಾಲದೆ ಕಾಂಬೋಡಿಯಾ, ಐವರಿ ಕೋಸ್ಟ್‌ಗಳಿಂದ ಹಸಿ ಬೀಜ ತರಿಸಿ, ಯಂತ್ರದಲ್ಲಿ ಸುಲಿದು, ತಿರುಳು ಮಾಡಿ ಮಾರುತ್ತದೆ. ಬೆಳೆದ ಮೇಲಿನ ಎರಡನೇ ಕೆಲಸ, ಹಣ ಹುಟ್ಟುವ ಕೆಲಸ, ಅಲ್ಲೇ ನಡೆಯುತ್ತದೆ. ನಮ್ಮಲ್ಲೂ ಇದಕ್ಕೆ ಉದಾಹರಣೆ ಇಲ್ಲದಿಲ್ಲ: ಕೊಕ್ಕೊ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯುತ್ತಿದ್ದ ಕಾಲದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮುಂದೆ ಬಂದು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಕಟ್ಟಿತು. ಅಂಥದ್ದು ಇನ್ನೂ ಹತ್ತು ಬೇಕಿತ್ತು.

ಶ್ರೀಲಂಕೆಗೆ ಡಾಲರ್ ಬರುವುದು ಎಲ್ಲಿಂದ? ಸಿದ್ಧ ಉಡುಪು, ಚಹಾ, ಪ್ರವಾಸಿಗರು, ಮತ್ತು ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ. ಈ ಕೊನೆಯದೇ 2024ರಲ್ಲಿ ಸುಮಾರು 650 ಕೋಟಿ ಡಾಲರ್, ಸರಕು ರಫ್ತಿನ ಅರ್ಧದಷ್ಟು. ಕಳಿಸುವವರಲ್ಲಿ ಕುವೈತ್, ಸೌದಿಯ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರೂ ಬಹಳ. ಕೇಳುಗರೇ, ಈ ಚಿತ್ರ ನಿಮಗೆ ಪರಿಚಿತ ಅನಿಸುವುದಿಲ್ಲವೇ? ಒಳ್ಳೆಯ ಶಾಲೆ, ಒಳ್ಳೆಯ ಆಯಸ್ಸು, ಊರಲ್ಲಿ ಕೆಲಸ ಇಲ್ಲ, ಮನೆಗೊಬ್ಬರು ಕೊಲ್ಲಿಯಲ್ಲಿ. ಕುಂಬಳೆ, ಉಪ್ಪಳ, ಚೆರ್ಕಳದಲ್ಲಿ ಎದ್ದ ಹೊಸ ಮನೆಗಳ ಹಿಂದಿರುವುದು ಇದೇ ಲೆಕ್ಕ. ಕಾಸರಗೋಡು ಶ್ರೀಲಂಕೆಯನ್ನು ಹೋಲುತ್ತದೆ, ವಿಯೆಟ್ನಾಮನ್ನಲ್ಲ. ಅದಕ್ಕೇ ಈ ಕಥೆ ನಮಗೆ ಮುಖ್ಯ ಎಂದೆ.

ಆ ದಾರಿಯ ಅಪಾಯ 2022ರಲ್ಲಿ ಎದುರಿಗೆ ಬಂತು. 2019ರಲ್ಲಿ ತೆರಿಗೆ ಇಳಿಸಿ ಸರಕಾರ ತನ್ನ ಬೊಕ್ಕಸ ಬರಿದು ಮಾಡಿಕೊಂಡಿತ್ತು. ಅದೇ ವರ್ಷದ ಈಸ್ಟರ್ ಬಾಂಬ್ ದಾಳಿ, ಮರುವರ್ಷದ ಕೋವಿಡ್ ಸೇರಿ ಪ್ರವಾಸಿಗರು ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತೋರಾತ್ರಿ ನಿಷೇಧಿಸಿದರು. ಭತ್ತವೂ ಚಹಾವೂ ಕುಸಿದವು, ಕೆಲವೇ ತಿಂಗಳಲ್ಲಿ ಆದೇಶ ಹಿಂತೆಗೆದರೂ ಪೆಟ್ಟು ಬಿದ್ದಾಗಿತ್ತು. ಸಾವಯವ ಕೃಷಿಯನ್ನು ಪ್ರೀತಿಸುವವನು ನಾನು. ಮಣ್ಣನ್ನು ಸಿದ್ಧಮಾಡಿಕೊಳ್ಳಲು ರೈತನಿಗೆ ವರ್ಷಗಳ ಅವಕಾಶ ಕೊಡದೆ ಸುತ್ತೋಲೆಯಿಂದ ಅದನ್ನು ಹೇರುವುದು ರೈತನಿಗೂ ಮಣ್ಣಿಗೂ ಮಾಡುವ ಅನ್ಯಾಯ. 2022ರ ಏಪ್ರಿಲಿನಲ್ಲಿ ದೇಶ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ದಿನಕ್ಕೆ 13 ತಾಸು ಕರೆಂಟ್ ಇಲ್ಲ, ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಕಾಗದವಿಲ್ಲದೆ ಶಾಲಾ ಪರೀಕ್ಷೆ ಮುಂದಕ್ಕೆ. ಜುಲೈಯಲ್ಲಿ ಜನ ಅಧ್ಯಕ್ಷರ ಅರಮನೆಗೆ ನುಗ್ಗಿದರು, ಅಧ್ಯಕ್ಷರು ದೇಶ ಬಿಟ್ಟು ರಾಜೀನಾಮೆ ಕಳಿಸಿದರು.

ಅಲ್ಲಿ ಜನ ಸಿಟ್ಟನ್ನು ಬೀದಿಯಲ್ಲಿ ತೋರಿಸಿದರು, 2024ರಲ್ಲಿ ಮತಪೆಟ್ಟಿಗೆಯಲ್ಲೂ ತೋರಿಸಿದರು. ವಿಯೆಟ್ನಾಮಿನಲ್ಲಿ ಇದು ಸಾಧ್ಯವಿಲ್ಲ. ಒಂದೇ ಪಕ್ಷದ ಆಡಳಿತ. ಸರಕಾರವನ್ನು ಟೀಕಿಸಿ ಬರೆದವರು ಜೈಲಿಗೆ ಹೋಗುತ್ತಾರೆ. ಬದುಕಿನ ಗುಣಮಟ್ಟದ ಲೆಕ್ಕ ಹಾಕುವವರು ಇದನ್ನು ಬಿಟ್ಟುಬಿಡುವುದು ಸರಿಯಲ್ಲ.

ಅವರು ಬಿಡುವ ಇನ್ನೊಂದು ವಿಷಯ ನಮ್ಮ ಎದೆಗೆ ಹತ್ತಿರದ್ದು. 1960ರ ದಶಕದಲ್ಲಿ ಅಮೆರಿಕದ ವಿಮಾನಗಳು ವಿಯೆಟ್ನಾಮಿನ ಕಾಡುಗಳ ಮೇಲೆ, ಬೆಳೆಗಳ ಮೇಲೆ ಏಜೆಂಟ್ ಆರೆಂಜ್ ಮೊದಲಾದ ಕಳೆನಾಶಕಗಳನ್ನು ಸುರಿದವು. ಒಟ್ಟು ಏಳು ಕೋಟಿ ಲೀಟರಿಗೂ ಮಿಕ್ಕಿ. ಅದರಲ್ಲಿದ್ದ ಡಯಾಕ್ಸಿನ್ ವಿಷದ ಸಂಕಟವನ್ನು ಅಲ್ಲಿನ ಕುಟುಂಬಗಳು ಈಗಲೂ ಹೊತ್ತಿವೆ. ನಮ್ಮ ಜಿಲ್ಲೆಯ ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳನ್ನು ಬಲ್ಲವರಿಗೆ ಅದು ಹೇಗೆಂದು ಗೊತ್ತು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಹೆಲಿಕಾಪ್ಟರ್ 2000ದ ಬಳಿಕ ಬರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದಿತು. ಮೂವತ್ತು ವರ್ಷದ ಮಗನನ್ನು ಎತ್ತಿ ಮೀಯಿಸುವ ತಾಯಿಯ ದುಡಿಮೆ ಯಾವ ತಲಾ ಆದಾಯದಲ್ಲೂ ಸೇರುವುದಿಲ್ಲ, ಅಲ್ಲೂ ಇಲ್ಲೂ.

ಹೆಂಗಸರ ಮಾತು ಬಂತು. ವಿಯೆಟ್ನಾಮಿನಲ್ಲಿ ದುಡಿಯುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ದುಡಿಮೆಯಲ್ಲಿದ್ದಾರೆ. ಶ್ರೀಲಂಕೆಯಲ್ಲಿ ಮೂವರಲ್ಲಿ ಒಬ್ಬರು ಮಾತ್ರ, ಓದಿನಲ್ಲಿ ಅವರು ಹುಡುಗರಿಗಿಂತ ಮುಂದಿದ್ದರೂ. ಎರಡೂ ದೇಶಗಳ ನಡುವಿನ ಎಲ್ಲ ವ್ಯತ್ಯಾಸಗಳಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಇದು.

ವಿಯೆಟ್ನಾಮಿನ ರೈತನೇನೂ ನಿಶ್ಚಿಂತೆಯಿಂದ ಇಲ್ಲ. ಜಿಯಾ ಲಾಯ್ ಪ್ರಾಂತ್ಯದಲ್ಲಿ ಒತ್ತೊತ್ತಾಗಿ ಕಂಬ ನೆಟ್ಟು, ಗೊಬ್ಬರ ನೀರು ಸುರಿದು, ನಮ್ಮ ಹಲವು ಪಟ್ಟು ಮೆಣಸು ತೆಗೆಯುತ್ತಿದ್ದರು. ಸೊರಗು ರೋಗ ಬಂದು ತೋಟಕ್ಕೆ ತೋಟವೇ ಒಣಗಿತು, ಧಾರಣೆಯೂ ಬಿತ್ತು, ಸಾಲ ಉಳಿಯಿತು. ಈಗ ಅಲ್ಲಿ ಎಷ್ಟೋ ಮಂದಿ ಚೀನಾದ ಬೇಡಿಕೆ ನೋಡಿ ಡೂರಿಯನ್ ಎಂಬ ಹಣ್ಣಿನ ಗಿಡ ನೆಟ್ಟಿದ್ದಾರೆ. ಮೆಕಾಂಗ್ ಬಯಲಿಗೆ ಬೇಸಗೆಯಲ್ಲಿ ಉಪ್ಪುನೀರು ಏರುತ್ತಿದೆ. ರಫ್ತಿನ ಮುಕ್ಕಾಲು ಪಾಲಿನಷ್ಟು ವಿದೇಶಿ ಕಂಪೆನಿಗಳದ್ದು. 2025ರ ಏಪ್ರಿಲಿನಲ್ಲಿ ಅಮೆರಿಕ ಶೇಕಡಾ 46ರ ಸುಂಕ ಸಾರಿದಾಗ ದೇಶವೇ ತಲ್ಲಣಿಸಿತು, ಆಮೇಲೆ ಅದು 20ಕ್ಕೆ ಇಳಿಯಿತು. ಶ್ರೀಲಂಕೆಗೂ 44 ಎಂದು ಹೇಳಿ ಅದೇ ವರ್ಷ 20 ಮಾಡಿದರು.

ಮುಂದೇನು? ವಿಯೆಟ್ನಾಂ 2045ಕ್ಕೆ ಶ್ರೀಮಂತ ದೇಶಗಳ ಸಾಲಿಗೆ ಸೇರುವ ಗುರಿ ಇಟ್ಟುಕೊಂಡಿದೆ. ಶ್ರೀಲಂಕೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ 300 ಕೋಟಿ ಡಾಲರ್ ನೆರವಿನಿಂದ ಚೇತರಿಸಿಕೊಂಡು, 2028ರಿಂದ ದೊಡ್ಡ ಸಾಲದ ಕಂತುಗಳನ್ನು ಮತ್ತೆ ಕಟ್ಟಬೇಕಾಗಿದೆ. ಆ ಹೊತ್ತಿಗೆ ಅಲ್ಲಿ ಓದಿದ ಹುಡುಗಿಯರಿಗೆ ಊರಿನಲ್ಲೇ ಕೆಲಸ ಸಿಗುವಂತಾದರೆ ಕಂತು ಕಟ್ಟುವುದು ಹಗುರವಾದೀತು. ಇಲ್ಲವಾದರೆ ಆ ಭಾರವೂ ಕುವೈತಿನಲ್ಲಿ ದುಡಿಯುವವರ ಹೆಗಲಿಗೇ ಬೀಳುತ್ತದೆ.

ನಮಸ್ಕಾರ.